ಆಮೆಗೆ ಪಾಠ ಹೇಳಿದ ಮಕ್ಕಳು

ಮಕ್ಕಳ ಕೈಗೆ ಯಂತ್ರವನ್ನು ಕೊಡಬೇಕೆ, ಬೇಡವೆ ಎಂಬ ಚರ್ಚೆ ಮೊಬೈಲ್ ಫೋನಿನೊಂದಿಗೆ ಹುಟ್ಟಿದ್ದಲ್ಲ. ಕಂಪ್ಯೂಟರೊಂದು ಕೋಣೆಯನ್ನೇ ಆಕ್ರಮಿಸುತ್ತಿದ್ದ ಕಾಲದಲ್ಲಿ, 1967ರಲ್ಲಿ, ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿ ಸೆಮೂರ್ ಪ್ಯಾಪರ್ಟ್, ವಾಲಿ ಫರ್ಜೈಗ್, ಸಿಂಥಿಯಾ ಸಾಲೊಮನ್ ಮತ್ತು ಸಂಗಡಿಗರು ಮಕ್ಕಳಿಗೆಂದೇ ‘ಲೋಗೋ’ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದರು. ಪ್ಯಾಪರ್ಟ್ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಗಣಿತಜ್ಞ. ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ಅಭ್ಯಸಿಸಿದ ಜೀನ್ ಪಿಯಾಜೆಯವರೊಡನೆ ಜಿನೀವಾದಲ್ಲಿ ಕೆಲಸ ಮಾಡಿದ್ದವರು. ಮಗು ತಾನೇ ಕಟ್ಟಿ ಕೆಡವಿ ಕಲಿಯುತ್ತದೆ ಎಂಬುದು ಅವರ ದೃಢವಾದ ನಂಬಿಕೆ.

ಲೋಗೋದ ನಾಯಕ ಒಂದು ಆಮೆ. ಮೊದಮೊದಲು ಅದು ಹೊಟ್ಟೆಯಡಿ ಪೆನ್ನು ಕಟ್ಟಿಕೊಂಡು ನೆಲದ ಮೇಲೆ ಉರುಳುವ ನಿಜವಾದ ಯಂತ್ರ. ಆಮೇಲೆ ತೆರೆಯ ಮೇಲಿನ ಪುಟ್ಟ ತ್ರಿಕೋನ. ನೂರು ಹೆಜ್ಜೆ ಮುಂದೆ, ಬಲಕ್ಕೆ 90 ಡಿಗ್ರಿ ಎಂದು ನಾಲ್ಕು ಸಲ ಹೇಳಿದರೆ ಚೌಕ ಸಿದ್ಧ. ವೃತ್ತ ಬರೆಸುವುದು ಹೇಗೆ? ಮಗು ತಾನೇ ಎದ್ದು ಸುತ್ತು ನಡೆದು ನೋಡಬೇಕು. ಒಂದು ಹೆಜ್ಜೆ, ತುಸು ತಿರುವು; ಮತ್ತೊಂದು ಹೆಜ್ಜೆ, ಮತ್ತೆ ತುಸು ತಿರುವು. ಒಂದು ಹೆಜ್ಜೆ, ಒಂದು ಡಿಗ್ರಿ ಎಂದು ಆಮೆಗೆ 360 ಸಲ ಹೇಳಿದರಾಯಿತು. ಮನೆ ಬರೆಯಹೊರಟಾಗ ಚಾವಣಿ ಗೋಡೆಗಳೊಳಗೆ ಬಿತ್ತೆನ್ನಿ. ಅಲ್ಲಿ ಕೆಂಪು ಮಸಿಯ ಗೀಟಿಲ್ಲ, ಅಂಕ ಕಳೆಯುವವರಿಲ್ಲ. ಎಲ್ಲಿ ತಪ್ಪಿತೆಂದು ಹುಡುಕಿ ತಿದ್ದುವುದೇ ಆಟ. ಯಂತ್ರ ಮಗುವನ್ನು ನಡೆಸಬಾರದು, ಮಗು ಯಂತ್ರವನ್ನು ನಡೆಸಬೇಕು ಎಂಬುದೇ 1980ರಲ್ಲಿ ಬಂದ ಪ್ಯಾಪರ್ಟರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದ ತಿರುಳು. ನಮ್ಮ ಅನೇಕ ಶಾಲೆಗಳ ಕಂಪ್ಯೂಟರ್ ಪಠ್ಯಕ್ಕೂ ಲೋಗೋ ಬಂದಿತು; ಆದರೆ ಪರೀಕ್ಷೆಯ ಪ್ರಶ್ನೆಯಾದ ಆಮೆಯಲ್ಲಿ ಆಟ ಎಷ್ಟು ಉಳಿದೀತು?

ಹೊಸ್ತಿಲು ತಗ್ಗಾಗಿರಬೇಕು, ಚಾವಣಿ ಎತ್ತರವಿರಬೇಕು ಎನ್ನುತ್ತಿದ್ದರು ಪ್ಯಾಪರ್ಟ್. ಅಂದರೆ ಚಿಕ್ಕವರೂ ಸುಲಭವಾಗಿ ಒಳಬರಬೇಕು, ಬಂದವರು ಬಹುದೂರ ಬೆಳೆಯಲು ಎಡೆಯಿರಬೇಕು. ಅವರೊಡನೆ ಕೆಲಸ ಮಾಡಿದ ಮಿಚೆಲ್ ರೆಸ್ನಿಕ್ ಇದಕ್ಕೆ ಅಗಲವಾದ ಗೋಡೆಗಳನ್ನು ಸೇರಿಸಿದರು: ಒಬ್ಬ ಕತೆ ಕಟ್ಟಲಿ, ಇನ್ನೊಬ್ಬಳು ಸಂಗೀತ ಮಾಡಲಿ. ಅವರ ತಂಡ ಎಂಐಟಿಯಲ್ಲಿ ರೂಪಿಸಿ 2007ರಲ್ಲಿ ಹೊರತಂದ ‘ಸ್ಕ್ರ್ಯಾಚ್’ ಇದೇ ವಂಶದ್ದು, ಉಚಿತವಾಗಿಯೂ ಸಿಗುತ್ತದೆ.

ಮಕ್ಕಳ ಕೈಯಲ್ಲಿ ಇಂದು ಹೆಚ್ಚಾಗಿ ಇರುವುದು ಬೇರೆಯದೇ ವಂಶ. ಒಂದು ವಿಡಿಯೋ ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ಶುರು. ದಿನವೂ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಅದುವರೆಗಿನ ಲೆಕ್ಕವೆಲ್ಲ ಸೊನ್ನೆ. ಲಗೋರಿಯಾಡುವ ಮಕ್ಕಳಿಗೆ ಕತ್ತಲಾದರೆ ಚೆಂಡು ಕಾಣದು, ಆಟ ನಿಲ್ಲುತ್ತದೆ. ಇಲ್ಲಿ ಕತ್ತಲಾಗುವುದೇ ಇಲ್ಲ. ಎದ್ದು ಬಾರದ ಮಗುವನ್ನು ಗದರುವ ತಂದೆತಾಯಿಗಳು, ಅದು ಏಳದಂತೆ ಮಾಡಲೆಂದೇ ನುರಿತವರ ಪಡೆಯೊಂದು ಆ ಕಡೆ ದುಡಿದಿದೆ ಎಂಬುದನ್ನು ಮರೆಯುತ್ತಾರೆ. ಗಂಟೆಗಳ ಲೆಕ್ಕವಷ್ಟನ್ನೇ ಇಟ್ಟರೆ ಆಮೆಗೂ ಈ ಆಟಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಚೀನಾ 2021ರಲ್ಲಿ ಹಿಡಿದದ್ದು ಈ ಗಂಟೆಯ ದಾರಿಯನ್ನೇ: 18 ತುಂಬದವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜಾದಿನಗಳಂದು ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಆನ್‌ಲೈನ್ ಆಟ.

ಬ್ರಿಟನ್ ಕೈಹಾಕಿದ್ದು ರಚನೆಗೆ. ಅಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಮಕ್ಕಳ ಸಂಹಿತೆಯಲ್ಲಿ 15 ನಿಯಮಗಳಿವೆ. ಅವುಗಳಿಗೆ ಹೊಂದಿಕೊಳ್ಳಲು ಕಂಪನಿಗಳಿಗೆ ಒಂದು ವರ್ಷದ ಗಡುವಿತ್ತು. ಗೆದ್ದದ್ದನ್ನು ಕಳೆದುಕೊಳ್ಳದೆ ಮಗು ಯಾವಾಗ ಬೇಕಾದರೂ ವಿರಾಮ ಪಡೆಯುವಂಥ ಗುಂಡಿ ಆಟದಲ್ಲಿರಬೇಕು ಎಂಬ ಸೂಚನೆ ಅದರಲ್ಲಿದೆ. ಗಡುವು ಮುಗಿಯುವ ಮುನ್ನ, 2021ರ ಆಗಸ್ಟ್‌ನಲ್ಲಿ, 13ರಿಂದ 17 ವರ್ಷದವರಿಗೆ ವಿಡಿಯೋಗಳು ಒಂದರ ಹಿಂದೊಂದು ತಾವಾಗಿ ಓಡುವ ಸೌಲಭ್ಯವನ್ನು ಮೊದಲಿನಿಂದಲೇ ಆರಿಸಿಡುವುದಾಗಿ ಯೂಟ್ಯೂಬ್ ಪ್ರಕಟಿಸಿತು.

ಭಾರತದ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ತುಂಬದವರ ನಡವಳಿಕೆಯ ಮೇಲೆ ನಿಗಾ ಇಡುವುದನ್ನೂ ಅವರಿಗೆ ಗುರಿಯಿಟ್ಟ ಜಾಹೀರಾತುಗಳನ್ನೂ ನಿಷೇಧಿಸುತ್ತದೆ. ಮಕ್ಕಳ ಕ್ಷೇಮಕ್ಕೆ ಧಕ್ಕೆ ತರುವ ರೀತಿಯಲ್ಲಿ ಅವರ ಮಾಹಿತಿಯನ್ನು ಬಳಸುವಂತಿಲ್ಲ ಎಂದೂ ಹೇಳುತ್ತದೆ. ವಿರಾಮದ ಗುಂಡಿಯ ಮಾತು ಅದರಲ್ಲಿಲ್ಲ.