ಚಿಕ್ಕ ಕಾರು: ಪೇಟೆಗೆ ಸರಿ, ಹೆದ್ದಾರಿಗೆ?

ಕಳೆದ ತಿಂಗಳ ಒಂದು ಭಾನುವಾರ ನಮ್ಮ ವಾಚನಾಲಯದಲ್ಲಿ ಪತ್ರಿಕೆಗಳು ಬದಿಗೆ ಸರಿದು ದೊಡ್ಡದೊಂದು ಚರ್ಚೆಯೇ ನಡೆಯಿತು. ಡೊಂಬಿವಲಿಯಲ್ಲಿ ಮನೆ ಮಾಡಿಕೊಂಡು ಫೋರ್ಟಿನ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುವ ಸದಸ್ಯರೊಬ್ಬರಿಗೆ ಹಳೆಯ ನ್ಯಾನೋ ಕಾರೊಂದು ಅಗ್ಗದ ಕ್ರಯಕ್ಕೆ ಸಿಗುವಂತಿತ್ತು. ಅವರ ಹತ್ತಿರ ಈಗ ಇರುವುದು ಒಂದು ಸ್ಕೂಟರು. ಮುಂದೆ ಮಗ ನಿಲ್ಲುತ್ತಾನೆ, ಹಿಂದೆ ಮಗಳನ್ನು ನಡುವೆ ಕೂರಿಸಿಕೊಂಡು ಮನೆಯವರು ಕೂರುತ್ತಾರೆ. ಇನ್ನು ಈ ಸವಾರಿ ಸಾಕು ಎಂದು ಮನೆಯವರದು ಹಟ. "ತಕ್ಕೊಳ್ಳಲೋ ಬೇಡವೋ, ನೀವೇ ಹೇಳಿ ರಾಯರೆ" ಎಂದರು.

ಒಬ್ಬರು "ಅದು ಕಾರಲ್ಲ, ತಗಡಿನ ಆಟಿಕೆ" ಎಂದರು. ಇನ್ನೊಬ್ಬರು "ಈ ಮುಂಬಯಿಯ ದಟ್ಟಣೆಯಲ್ಲಿ ಮೂವತ್ತರ ಮೇಲೆ ಓಡಿಸುವವರು ಯಾರು? ಆಟಿಕೆಯೇ ಸಾಕು" ಎಂದರು. ಮೂರನೆಯವರು "ಕಾಲ ಬಂದರೆ ಯಾವ ಕಾರಾದರೇನು?" ಎಂದುಬಿಟ್ಟರು. ಮೂರನೆಯ ಮಾತಿಗೆ ಉತ್ತರವಿಲ್ಲ. ಮೊದಲಿನ ಎರಡು ಮಾತುಗಳಲ್ಲಿ ಮಾತ್ರ ಅರ್ಧರ್ಧ ಸತ್ಯವಿದೆ. ಆ ಅರ್ಧಗಳು ಯಾವುವೆಂದು ಸ್ವಲ್ಪ ವಿವರವಾಗಿ ನೋಡೋಣ. ನಮ್ಮ ಸದಸ್ಯರಲ್ಲಿ ಇದೇ ಯೋಚನೆಯಲ್ಲಿರುವವರು ಇನ್ನೂ ಹಲವರಿದ್ದಾರೆಂದು ಬಲ್ಲೆ.

ನ್ಯಾನೋ ಹುಟ್ಟಿದ್ದೇ ಇಂಥ ಸ್ಕೂಟರಿನಿಂದ. ಮಳೆಯಲ್ಲಿ ಸ್ಕೂಟರಿನ ಮೇಲೆ ಸಂಸಾರ ಸಮೇತ ಹೋಗುತ್ತಿದ್ದವರನ್ನು ಕಂಡು ಈ ಯೋಚನೆ ಬಂತೆಂದು ರತನ್ ಟಾಟಾ ಅವರೇ ಹೇಳಿದ್ದರು. 2008ರ ಜನವರಿಯಲ್ಲಿ ದಿಲ್ಲಿಯ ಮೋಟಾರು ಪ್ರದರ್ಶನದಲ್ಲಿ ಅದನ್ನು ತೋರಿಸಿದರು, ಮರುವರ್ಷ ಮಾರಾಟಕ್ಕೆ ಬಂತು. ಒಂದು ಲಕ್ಷ ರೂಪಾಯಿಯ ಕಾರು ಎಂದು ಜಗತ್ತೆಲ್ಲ ಮಾತಾಡಿತು. ಉದ್ದ 3.1 ಮೀಟರು, ತೂಕ ಸುಮಾರು 600 ಕಿಲೋ, ಹಿಂಬದಿಯಲ್ಲಿ 624 ಸಿ.ಸಿ.ಯ ಎರಡು ಸಿಲಿಂಡರಿನ ಎಂಜಿನು, 12 ಅಂಗುಲದ ಗಾಲಿಗಳು. 2018ರಲ್ಲಿ ಅದರ ತಯಾರಿಕೆ ನಿಂತಿತು. ಈಗ ಸಿಗುವುದೆಲ್ಲ ಕೈ ಬದಲಿಸಿದ ಗಾಡಿಗಳೇ.

ಅನುಕೂಲದ ಮಾತನ್ನು ಬೇಗ ಮುಗಿಸಬಹುದು, ಏಕೆಂದರೆ ಅದರಲ್ಲಿ ವಾದವೇ ಇಲ್ಲ. ನಮ್ಮ ಚಾಳುಗಳ ಮುಂದೆ, ಸೊಸೈಟಿಗಳ ಅಂಗಳದಲ್ಲಿ ಕಾರು ಕೊಳ್ಳುವುದಕ್ಕಿಂತ ಅದನ್ನು ನಿಲ್ಲಿಸುವುದೇ ಕಷ್ಟ. ದೊಡ್ಡ ಕಾರು ಎರಡು ನಿಲ್ಲುವಲ್ಲಿ ಇಂಥವು ಮೂರು ನಿಂತಾವು. ಸಂದಿಯಲ್ಲಿ ತಿರುಗಿಸುವುದು ಸುಲಭ, ಪೆಟ್ರೋಲು ಕಡಿಮೆ. ಜಪಾನಿನವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಅಲ್ಲಿ 1949ರಿಂದ 'ಕೇ' ಎಂಬ ಚಿಕ್ಕ ಗಾಡಿಗಳ ವರ್ಗವೇ ಬೇರೆ ಇದೆ. ಈಗಿನ ನಿಯಮದಂತೆ ಅದರ ಉದ್ದ 3.4 ಮೀಟರು, ಅಗಲ 1.48 ಮೀಟರು, ಎಂಜಿನು 660 ಸಿ.ಸಿ. ದಾಟುವಂತಿಲ್ಲ. 1983ರಲ್ಲಿ ನಮ್ಮಲ್ಲಿಗೆ ಬಂದು ಮೂವತ್ತು ವರ್ಷ ಓಡಿದ ಮಾರುತಿ 800 ಕೂಡ ಆ ಜಪಾನೀ ಮನೆತನದ್ದೇ. ಒಂದು ಸಂಗತಿ ಗಮನಿಸಿ. 1998ರಲ್ಲಿ ಜಪಾನ್ ಸರಕಾರ ಕೇ ಗಾಡಿಗಳ ಉದ್ದ ಅಗಲಗಳ ಮಿತಿಯನ್ನು ಸ್ವಲ್ಪ ಹಿಗ್ಗಿಸಿತು. ಅಪಘಾತವಾದಾಗ ಒಳಗಿದ್ದವರು ಉಳಿಯುವುದಕ್ಕೆ ಹಳೆಯ ಅಳತೆ ಸಾಲದೆಂಬುದೇ ಕಾರಣ.

ಇಲ್ಲಿಂದ ಮುಂದೆ ಜೀವದ ಪ್ರಶ್ನೆ. ಸ್ವಲ್ಪ ಲೆಕ್ಕ ಬೇಕಾಗುತ್ತದೆ, ಆದರೆ ಲೆಡ್ಜರು ಬರೆಯುವ ಕೈಗಳಿಗೆ ಇದೇನೂ ಭಾರವಲ್ಲ.

ಓಡುವ ಗಾಡಿಯಲ್ಲಿ ಕುಳಿತವನ ಶರೀರಕ್ಕೆ ಪೆಟ್ಟಾಗುವುದು ವೇಗ ಹಠಾತ್ತನೆ ಬದಲಾದಾಗ. ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವ ಕಾರು ಗೋಡೆಗೆ ಗುದ್ದಿ ನಿಂತರೆ ಬದಲಾವಣೆ 40. ಕಾರು ಚಿಕ್ಕದಿರಲಿ, ದೊಡ್ಡದಿರಲಿ, ಅಷ್ಟೇ. ಈಗ ಗೋಡೆಯ ಬದಲು ಎದುರಿನಿಂದ ಇನ್ನೊಂದು ಕಾರು ಬಂತೆನ್ನಿ. ನಮ್ಮದು 600 ಕಿಲೋ, ಅದು 1800 ಕಿಲೋ, ಎರಡರ ವೇಗವೂ 40. ಗುದ್ದಿ ಎರಡೂ ಸಿಕ್ಕಿಕೊಂಡರೆ ಭಾರವಾದದ್ದು ಹಗುರವಾದುದನ್ನು ಹಿಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಆಗಿನ ವೇಗ 20. ಅಂದರೆ ದೊಡ್ಡ ಕಾರಿನವನ ವೇಗ 40ರಿಂದ 20ಕ್ಕೆ ಇಳಿಯಿತು, ಬದಲಾವಣೆ 20. ನಮ್ಮವನು ಮುಂದಕ್ಕೆ 40ರಲ್ಲಿ ಹೋಗುತ್ತಿದ್ದವನು ಕ್ಷಣಾರ್ಧದಲ್ಲಿ ಹಿಂದಕ್ಕೆ 20ರಲ್ಲಿ ಹೋಗಬೇಕು, ಬದಲಾವಣೆ 60. ರಸ್ತೆ ಒಂದೇ, ಡಿಕ್ಕಿ ಒಂದೇ, ತಪ್ಪು ಯಾರದೇ ಇರಲಿ, ಪೆಟ್ಟು ಮಾತ್ರ ಮೂರು ಪಟ್ಟು. ಎದುರಿಗೆ ಬಂದದ್ದು ಲಾರಿಯಾದರೆ ಲೆಕ್ಕ ಹಾಕುವ ಅಗತ್ಯವೇ ಇಲ್ಲ.

ಕಾರುಗಳನ್ನು ಪರೀಕ್ಷಿಸಿ ನಕ್ಷತ್ರ ಕೊಡುವ ಸಂಸ್ಥೆಗಳು ಮುಖ್ಯವಾಗಿ ಮಾಡುವುದು ಈ ಮೊದಲನೆಯ, ಗೋಡೆಯ ಬಗೆಯ ಪರೀಕ್ಷೆಯನ್ನು. ಆದಕಾರಣ ಚಿಕ್ಕ ಕಾರಿಗೆ ಬಂದ ನಕ್ಷತ್ರವನ್ನು ದೊಡ್ಡ ಕಾರಿನ ನಕ್ಷತ್ರದೊಂದಿಗೆ ಹೋಲಿಸಬಾರದು. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯವರು ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು. ಸ್ಮಾರ್ಟ್ ಎಂಬ ಎರಡೇ ಆಸನದ ಪುಟ್ಟ ಕಾರು ತಡೆಗೋಡೆಯ ಪರೀಕ್ಷೆಯಲ್ಲಿ ಮೊದಲೇ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾಗಿತ್ತು. ಅದನ್ನೇ ಮಧ್ಯಮ ಗಾತ್ರದ ಮರ್ಸಿಡಿಸ್ ಕಾರಿಗೆ ಎದುರುಬದುರಾಗಿ, ಎರಡನ್ನೂ ಗಂಟೆಗೆ 64 ಕಿಲೋಮೀಟರಿನಲ್ಲಿ ಓಡಿಸಿ ಗುದ್ದಿಸಿದರು. ಸ್ಮಾರ್ಟ್ ಕೆಳದರ್ಜೆಗೆ ಇಳಿಯಿತು. ಜತೆಗೆ ಪರೀಕ್ಷಿಸಿದ ಇನ್ನೆರಡು ಚಿಕ್ಕ ಕಾರುಗಳ ಗತಿಯೂ ಅದೇ ಆಯಿತು.

ಹಾಗಾದರೆ ಚಿಕ್ಕ ಕಾರುಗಳೆಲ್ಲ ಒಂದೇ ಎಂದಾಯಿತೆ? ಇಲ್ಲ. ತೂಕ ಒಂದು ಕಡೆಯಾದರೆ ಕಟ್ಟಡ ಇನ್ನೊಂದು ಕಡೆ. ಒಳ್ಳೆಯ ಕಾರಿನ ಮೂತಿ ಮುದ್ದೆಯಾಗಬೇಕು, ಜನ ಕೂರುವ ಗೂಡು ಮುದ್ದೆಯಾಗಬಾರದು. ಮೂತಿ ಗಿಡ್ಡವಾದಷ್ಟೂ ಈ ಕೆಲಸ ಕಷ್ಟ. 2014ರಲ್ಲಿ ಗ್ಲೋಬಲ್ ಎನ್‌ಸಿಎಪಿ ಎಂಬ ಸಂಸ್ಥೆ ನಮ್ಮ ದೇಶದಲ್ಲಿ ಮಾರುವ ಐದು ಚಿಕ್ಕ ಕಾರುಗಳನ್ನು 64ರ ವೇಗದಲ್ಲಿ ಪರೀಕ್ಷಿಸಿತು. ಐದಕ್ಕೂ ಸೊನ್ನೆ. ಆದರೆ ಸೊನ್ನೆಗಳಲ್ಲೂ ವ್ಯತ್ಯಾಸವಿತ್ತು. ಫೋಕ್ಸ್‌ವ್ಯಾಗನ್ ಪೋಲೋದ ಗೂಡು ಗಟ್ಟಿಯಾಗಿತ್ತು. ಅದಕ್ಕೆ ಎರಡು ಏರ್‌ಬ್ಯಾಗು ಹಾಕಿ ಮತ್ತೆ ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ ಬಂತು. ನ್ಯಾನೋ, ಆಲ್ಟೊ 800, ಐ10 ಇವುಗಳ ಗೂಡೇ ಕುಸಿದುದರಿಂದ ಏರ್‌ಬ್ಯಾಗು ಹಾಕಿದರೂ ಹೆಚ್ಚಿನ ಪ್ರಯೋಜನವಾಗದು ಎಂದು ಹೇಳಿದರು. ನಮ್ಮ ಸದಸ್ಯರು ಕೇಳಿದ ಕಾರು ಇದೇ ಎಂಬುದನ್ನು ಮರೆಯಬಾರದು.

ಬೆಂಗಳೂರಿನದೇ ಇನ್ನೊಂದು ಕಥೆಯಿದೆ. ಅಲ್ಲಿ 2001ರಲ್ಲಿ ಬಂದ ರೇವಾ ಎಂಬ ವಿದ್ಯುತ್ ಕಾರು ಕೇವಲ 2.6 ಮೀಟರು ಉದ್ದವಿತ್ತು. ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರುವಷ್ಟು ಜಾಗ. ನಮ್ಮವರಿಗಿಂತ ಅದನ್ನು ಮೆಚ್ಚಿದವರು ಲಂಡನ್ನಿನವರು. ಅಲ್ಲಿ 2003ರಿಂದ ಪೇಟೆಯ ನಡುವೆ ಕಾರು ತರುವವರು ಸುಂಕ ಕೊಡಬೇಕಾಗಿ ಬಂತು. ವಿದ್ಯುತ್ ಗಾಡಿಗೆ ಆಗ ಅದರಿಂದ ವಿನಾಯಿತಿ ಇತ್ತು. ಜಿ-ವಿಜ್ ಎಂಬ ಹೆಸರಿನಲ್ಲಿ ಬೆಂಗಳೂರಿನ ಕಾರು ಲಂಡನ್ನಿನ ಬೀದಿಗಳಲ್ಲಿ ಓಡಿತು. ಆದರೆ ಯುರೋಪಿನ ಕಾಯಿದೆಯ ಕಣ್ಣಿಗೆ ಅದು ಕಾರೇ ಅಲ್ಲ, ಕ್ವಾಡ್ರಿಸೈಕಲ್ ಎಂಬ ಹಗುರ ಗಾಡಿಯ ವರ್ಗ. ಕಾರಿಗೆ ಕಡ್ಡಾಯವಾದ ಡಿಕ್ಕಿಯ ಪರೀಕ್ಷೆ ಅದಕ್ಕೆ ಬೇಕಿರಲಿಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ಪರೀಕ್ಷಿಸಿ ನೋಡಿದಾಗ ಒಳಗಿನವರಿಗೆ ಗಂಭೀರ ಪೆಟ್ಟಾದೀತೆಂದು ಕಂಡುಬಂದು ಅಲ್ಲಿ ಗದ್ದಲವೆದ್ದಿತು. ನಿಧಾನವಾಗಿ ಚಲಿಸುವ ಪೇಟೆಗೆಂದೇ ಮಾಡಿದ ಗಾಡಿ ಅದು, ತನ್ನ ಜಾಗದಲ್ಲಿ ಅದು ತಪ್ಪಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ನಾಲ್ಕು ಗಾಲಿ, ಬಾಗಿಲು, ಸ್ಟಿಯರಿಂಗು ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಕಾಯಿದೆಗೆ ಒಳಪಟ್ಟಿರುತ್ತವೆಂದು ಕೊಳ್ಳುವವನು ತಿಳಿಯಬಾರದು.

ಮೂವತ್ತರ ವೇಗದ ಮಾತಾಡಿದ ಸದಸ್ಯರ ಪಾಲಿನ ಸತ್ಯ ಈಗ ಬಂತು. ಡಿಕ್ಕಿಯ ಬಲ ವೇಗದೊಂದಿಗೆ ಏರುವುದಿಲ್ಲ, ವೇಗದ ವರ್ಗದೊಂದಿಗೆ ಏರುತ್ತದೆ. 80ರಲ್ಲಿ ಓಡುವ ಕಾರಿನ ಶಕ್ತಿ 30ರಲ್ಲಿ ಓಡುವಾಗಿನದಕ್ಕಿಂತ ಏಳು ಪಟ್ಟು. ಡೊಂಬಿವಲಿಯ ಮಾರುಕಟ್ಟೆಯ ರಸ್ತೆಯಲ್ಲಿ 30ರ ವೇಗದಲ್ಲಿ, ಪಟ್ಟಿ ಬಿಗಿದುಕೊಂಡು ಹೋಗುವ ಸಂಸಾರಕ್ಕೆ ಆ ತಗಡಿನ ಗೂಡೂ ಒಂದು ರಕ್ಷಣೆಯೇ. ಅದನ್ನು ಹೋಲಿಸಬೇಕಾದ್ದು ಮರ್ಸಿಡಿಸಿಗಲ್ಲ, ಆ ಸ್ಕೂಟರಿಗೆ. ಸರಕಾರದ ಲೆಕ್ಕದಂತೆ 2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡಾ 44.5 ಮಂದಿ ದ್ವಿಚಕ್ರದ ಸವಾರರು. ಮನೆಯವರ ಹಟ ಸರಿಯಾದದ್ದೇ.

ಪಟ್ಟಿಯ ಮಾತು ಹೇಳಿದೆ. ಮುಂದೆ ಕುಳಿತವರು ಪೊಲೀಸರ ಭಯಕ್ಕಾದರೂ ಬಿಗಿಯುತ್ತಾರೆ, ಹಿಂದೆ ಕುಳಿತವರು ಅದರ ಮೇಲೇ ಕೂರುತ್ತಾರೆ. ಹಿಂದಿನವರಿಗೂ ಅದು ಕಡ್ಡಾಯ. 2022ರ ನವೆಂಬರಿನಿಂದ ಮುಂಬಯಿ ಪೊಲೀಸರು ಇದನ್ನು ಬಿಗಿಯಾಗಿಯೇ ಹಿಡಿದರು. ಇನ್ನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ರೂಢಿ. 50ರ ವೇಗದಲ್ಲಿ ಹೋಗುವ ಕಾರು ಗುದ್ದಿ ಅರ್ಧ ಮೀಟರಿನೊಳಗೆ ನಿಂತಿತೆನ್ನಿ. ಹತ್ತು ಕಿಲೋ ತೂಗುವ ಮಗು ಆ ಗಳಿಗೆಯಲ್ಲಿ ತಾಯಿಯ ಕೈಗೆ ಎರಡು ಕ್ವಿಂಟಲಿನಷ್ಟು ಭಾರವಾಗುತ್ತದೆ. ಎಂಥ ತಾಯಿಯೂ ಹಿಡಿಯಲಾರಳು. ಚಿಕ್ಕ ಮಕ್ಕಳಿಗೆ ಬೇರೆ ಕುರ್ಚಿ ಸಿಗುತ್ತದೆ. ಕಾರಿಗೆ ದುಡ್ಡು ಹೊಂದಿಸುವವರು ಅದಕ್ಕೂ ಸೇರಿಸಿಯೇ ಹೊಂದಿಸಬೇಕು.

ಹಳೆಯ ಚಿಕ್ಕ ಕಾರು ಕೊಳ್ಳುವವರು ಬಣ್ಣ, ಟೈರು, ಸೀಟಿನ ಕವರುಗಳನ್ನು ನೋಡುತ್ತಾರೆ. ನಾನು ಮೊದಲು ನೋಡುವುದು ಆರ್.ಸಿ. ಪುಸ್ತಕದಲ್ಲಿರುವ ತಯಾರಿಕೆಯ ತಿಂಗಳನ್ನು. ಹಠಾತ್ತನೆ ಬ್ರೇಕು ಒತ್ತಿದಾಗ ಗಾಲಿ ಜಾರದಂತೆ ತಡೆಯುವ ಎಬಿಎಸ್ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲಿನಲ್ಲಿ, ಚಾಲಕನ ಏರ್‌ಬ್ಯಾಗು ಅದೇ ವರ್ಷದ ಜುಲೈಯಲ್ಲಿ, ಮುಂದಿನಿಂದಲೂ ಪಕ್ಕದಿಂದಲೂ ಗುದ್ದಿಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ನಿಯಮ ಅಕ್ಟೋಬರಿನಲ್ಲಿ. ಮುಂದೆ ಪಕ್ಕದಲ್ಲಿ ಕೂರುವವರ ಏರ್‌ಬ್ಯಾಗು ಕಡ್ಡಾಯವಾಗುವ ಹೊತ್ತಿಗೆ 2021 ಮುಗಿಯಿತು. ಅಲ್ಲಿಯ ತನಕ ಅಗ್ಗದ ಕಾರಿನಲ್ಲಿ ಗಂಡನಿಗೆ ಏರ್‌ಬ್ಯಾಗು, ಹೆಂಡತಿಗೆ ದೇವರೇ ಗತಿ! ಆದ್ದರಿಂದ 2022ರ ನಂತರ ತಯಾರಾದುದನ್ನು ಹುಡುಕುವುದು ಲೇಸು, ಮಾದರಿ ಎಷ್ಟೇ ಚಿಕ್ಕದಿರಲಿ.

ಇಷ್ಟಾದರೂ ಕಾಯಿದೆ ಕೇಳುವುದು ಕನಿಷ್ಠವನ್ನು ಮಾತ್ರ. ನಮ್ಮ ಕಾಯಿದೆಯ ಪರೀಕ್ಷೆ 56ರ ವೇಗದ್ದು, ನಕ್ಷತ್ರದ ಪರೀಕ್ಷೆ 64ರದ್ದು. ಎಂಟೇ ಕಿಲೋಮೀಟರು ಹೆಚ್ಚು ಕಂಡರೂ ವರ್ಗದ ಲೆಕ್ಕದಲ್ಲಿ ಮೂವತ್ತು ಶೇಕಡಾ ಹೆಚ್ಚು ಶಕ್ತಿ. 2020ರಲ್ಲಿ ಗ್ಲೋಬಲ್ ಎನ್‌ಸಿಎಪಿಯ ಪರೀಕ್ಷೆಯಲ್ಲಿ ಮಾರುತಿಯ ಎಸ್-ಪ್ರೆಸ್ಸೋಗೆ ಬಂದದ್ದು ಸೊನ್ನೆ, ಟಾಟಾ ಟಿಯಾಗೋಗೆ ನಾಲ್ಕು ನಕ್ಷತ್ರ. ಎರಡೂ ಕಾನೂನುಬದ್ಧವಾಗಿ ಮಾರುತ್ತಿದ್ದ ಕಾರುಗಳೇ. 2023ರ ಅಕ್ಟೋಬರಿನಿಂದ ಭಾರತ್ ಎನ್‌ಸಿಎಪಿ ಎಂದು ನಮ್ಮ ಸರಕಾರದ್ದೇ ನಕ್ಷತ್ರದ ವ್ಯವಸ್ಥೆ ಬಂದಿದೆ. ತಯಾರಕರು ತಾವಾಗಿ ಮುಂದೆ ಬಂದರೆ ಮಾತ್ರ ಅದರಲ್ಲಿ ಪರೀಕ್ಷೆ.

ಇಷ್ಟನ್ನೂ ಕೇಳಿಸಿಕೊಂಡ ಮೇಲೆ ನಮ್ಮ ಸದಸ್ಯರು ಮನಸ್ಸಿನಲ್ಲಿದ್ದ ನಿಜವಾದ ಪ್ರಶ್ನೆಯನ್ನು ಹೊರಗೆ ತೆಗೆದರು. "ಮೇ ರಜೆಗೆ ಊರಿಗೆ ಹೋಗುವುದು?" ಅವರ ಊರು ಕುಂದಾಪುರದ ಹತ್ತಿರ. ಕಾರು ಬೇಕೆಂಬ ಆಸೆಯಲ್ಲಿ ಅರ್ಧ ಪಾಲು ಅದೇ ಎಂದು ನನಗೂ ಅನುಮಾನವಿತ್ತು. ಊರಿನ ಬೇಲಿಯ ಮುಂದೆ ಸ್ವಂತ ಕಾರಿನಿಂದ ಇಳಿಯುವ ಸುಖ ಯಾರಿಗೆ ಬೇಡ?

ಈ ಒಂದು ವಿಷಯದಲ್ಲಿ ನಾನು ಬೇಡವೆಂದೇ ಹೇಳಿದೆ. 2022ರ ಅದೇ ಲೆಕ್ಕದಲ್ಲಿ ಸತ್ತವರ ಪೈಕಿ ಶೇಕಡಾ 36.2 ಮಂದಿ ಸತ್ತದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ಹೆದ್ದಾರಿಗಳ ಪಾಲು ತೀರ ಚಿಕ್ಕದು. ಕೊಂಕಣದ ಹೆದ್ದಾರಿಯಲ್ಲಿ ರಾತ್ರಿ ಹೊತ್ತು, ಘಾಟಿಯ ತಿರುವುಗಳಲ್ಲಿ, ಎದುರಿಗೆ ಲಾರಿಗಳ ಸಾಲು. 600 ಕಿಲೋದ ಗಾಡಿಯಲ್ಲಿ ನಾಲ್ಕು ಜನ, ಮೇಲೆ ಊರಿಗೆ ಒಯ್ಯುವ ಸಾಮಾನು. ಲಾರಿಯನ್ನು ದಾಟಬೇಕೆಂದರೆ ಎಂಜಿನಿಗೆ ಉಸಿರು ಸಾಲದು, ದಾಟುವ ಹೊತ್ತೆಲ್ಲ ಎದುರಿನ ದಾರಿಯಲ್ಲೇ ಇರಬೇಕು. ಮೇಲಿನ 20 ಮತ್ತು 60ರ ಲೆಕ್ಕ ನಿಜವಾಗುವುದು ಅಲ್ಲಿಯೇ. ಮತ್ಸ್ಯಗಂಧಾ ರೈಲು ಕುಂದಾಪುರದಲ್ಲಿ ನಿಲ್ಲುತ್ತದೆ. ಈಗಿನ ನಿಯಮದಂತೆ ಟಿಕೇಟು ಅರವತ್ತು ದಿನ ಮೊದಲು ತೆರೆಯುತ್ತದೆ. ಮೇ ತಿಂಗಳ ಟಿಕೇಟು ತೆರೆಯುವ ಬೆಳಿಗ್ಗೆ ಬೇಗ ಏಳುವ ಕಷ್ಟವೊಂದೇ.

ಅವರು ಆ ನ್ಯಾನೋವನ್ನು ಬಿಟ್ಟರು. 2022ರ ಈಚೆಯದೊಂದು ಚಿಕ್ಕ ಕಾರಿಗಾಗಿ ಹುಡುಕುತ್ತಿದ್ದಾರೆ. ಕೈಯಲ್ಲಿರುವ ಹಣಕ್ಕೂ ಕೇಳುವ ಕ್ರಯಕ್ಕೂ ಇನ್ನೂ ಹೊಂದಿಕೆಯಾಗಿಲ್ಲ. ಅಷ್ಟರವರೆಗೆ ನಾಲ್ವರೂ ಹೋಗುವುದಿದ್ದರೆ ಸ್ಕೂಟರು ಮನೆಯ ಕೆಳಗೇ ನಿಲ್ಲುತ್ತದೆ, ರಿಕ್ಷಾ ಬರುತ್ತದೆ. ಕಳೆದ ಭಾನುವಾರ ವಾಚನಾಲಯಕ್ಕೂ ಹಾಗೆಯೇ ಸ್ಟೇಷನ್ನಿನವರೆಗೆ ರಿಕ್ಷಾದಲ್ಲಿ, ಮುಂದೆ ಲೋಕಲಿನಲ್ಲಿ, ಮಕ್ಕಳನ್ನೂ ಕರೆದುಕೊಂಡು ಬಂದಿದ್ದರು.