ಥಟ್ಟನೆ ಬಿಚ್ಚಿಕೊಳ್ಳುವ ಟೆಂಟ್: ಕೊಳ್ಳಬಹುದೇ?

ಪ್ರಶ್ನೆ: ಹೇಮಗಿರಿ ದನಗಳ ಜಾತ್ರೆಗೆ ಮನೆಮಂದಿಯೆಲ್ಲ ಕಾರಿನಲ್ಲಿ ಹೋಗಿ ರಾತ್ರಿ ಅಲ್ಲೇ ತಂಗುವ ಆಸೆ. ಥಟ್ಟನೆ ಬಿಚ್ಚಿಕೊಳ್ಳುವ ಟೆಂಟ್ ಕೊಳ್ಳಬಹುದೇ?
– ಓದುಗರೊಬ್ಬರು, ಮಾಕವಳ್ಳಿ

ಉತ್ತರ: ಒಂದೆರಡು ರಾತ್ರಿಯ ತಂಗುವಿಕೆಗೆ ಧಾರಾಳವಾಗಿ ಕೊಳ್ಳಬಹುದು. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಬಟ್ಟೆಯೊಳಗೇ ಸ್ಪ್ರಿಂಗ್ ಬಳೆ ಹೊಲಿದಿರುತ್ತಾರೆ; ಪಟ್ಟಿ ಬಿಚ್ಚಿ ನೆಲಕ್ಕೆ ಹಾಕಿದರೆ ತಾನೇ ಅರಳುತ್ತದೆ. ಇನ್ನೊಂದರಲ್ಲಿ ಕಡ್ಡಿಗಳು ಮೊದಲೇ ಜೋಡಣೆಯಾಗಿರುತ್ತವೆ, ಛತ್ರಿಯಂತೆ ಬಿಡಿಸಿದರಾಯಿತು. ಕತ್ತಲಾದ ಮೇಲೆ ತಲುಪುವವರಿಗೆ, ಚಿಕ್ಕ ಮಕ್ಕಳಿರುವವರಿಗೆ ಇದು ದೊಡ್ಡ ಅನುಕೂಲ.

ಕೊರತೆಗಳೂ ಇವೆ. ಸ್ಪ್ರಿಂಗ್ ಟೆಂಟ್ ಮಡಿಸಿದಾಗ ಅಗಲವಾದ ಚಕ್ರವಾಗುತ್ತದೆ; ಸಣ್ಣ ಕಾರಿನ ಡಿಕ್ಕಿಗೆ ಹಿಡಿಸದಿರಬಹುದು. ಬಿಡಿಸುವುದು ಸುಲಭ, ಮಡಿಸುವುದಕ್ಕೆ ಅಭ್ಯಾಸ ಬೇಕು, ಮನೆಯಂಗಳದಲ್ಲೇ ಕಲಿತುಕೊಳ್ಳಿ. ಛತ್ರಿಯಂಥ ಟೆಂಟಿನ ಕೀಲು ಮುರಿದರೆ ರಿಪೇರಿ ಕಷ್ಟ.

ಅಗ್ಗದವುಗಳಲ್ಲಿ ಹೆಚ್ಚಿನವು ಒಂದೇ ಪದರದವು. ಜಾತ್ರೆ ನಡೆಯುವ ಹೇಮಾವತಿ ನದಿ ದಡದ ಚಳಿಯಲ್ಲಿ ಬಟ್ಟೆ ತಣ್ಣಗಾಗಿ, ಒಳಗೆ ಮಲಗಿದವರ ಉಸಿರಿನ ತೇವ ಅದಕ್ಕೆ ತಾಗಿ ನೀರಾಗುತ್ತದೆ. ಬೆಳಗಿನ ಜಾವ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಆದ್ದರಿಂದ ಎರಡು ಪದರ, ಎದುರುಬದುರು ಜಾಲರಿ ಕಿಟಕಿ ಇರುವುದನ್ನೇ ಆರಿಸಿ. ಮಳೆಗಾಲಕ್ಕೂ ಬೇಕೆಂದರೆ ನೀರು ತಡೆಯುವ ಅಂಕಿ 2000 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿರಲಿ. ಬೇಗ ನಿಂತಿತೆಂದು ಹಾಗೇ ಬಿಡಬೇಡಿ. ಗೂಟ ಹೊಡೆದು ಹಗ್ಗ ಬಿಗಿಯದಿದ್ದರೆ ಗಾಳಿ ಹೊತ್ತೊಯ್ಯುತ್ತದೆ.

ಎಷ್ಟೇ ಚಳಿಯಿದ್ದರೂ ಟೆಂಟಿನೊಳಗೆ ಒಲೆ, ಕೆಂಡ ಇಡಬೇಡಿ. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ; ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.