ಮೋಡೆಮ್ ನಿಂತುಹೋದಾಗ ಅನುಸರಿಸತಕ್ಕ ಕ್ರಮ

ಪಹಣಿ ಪಡೆಯುವುದು, ಬೆಳೆ ವಿಮೆಗೆ ಅರ್ಜಿ ಸಲ್ಲಿಸುವುದು ಮೊದಲಾದ ಕಾರ್ಯಗಳು ಈಗ ಇಂಟರ್‌ನೆಟ್ ಮೂಲಕ ನಡೆಯುವುದರಿಂದ, ಗಡುವಿನ ದಿವಸ ಮನೆಯ ಮೋಡೆಮ್ ನಿಂತುಹೋದರೆ ಹಿಡುವಳಿದಾರರಿಗೆ ನಷ್ಟವುಂಟಾಗುವ ಸಂಭವವಿದೆ. ಇಂಥ ಸಮಯದಲ್ಲಿ ಕೆಲವರು ಅವಸರಪಟ್ಟು, ಯಂತ್ರದಲ್ಲಿರುವ ಸಣ್ಣ ರಂಧ್ರದೊಳಕ್ಕೆ ಸೂಜಿಯನ್ನು ತೂರಿಸಿ ರೀಸೆಟ್ ಗುಂಡಿಯನ್ನು ಒತ್ತುವುದುಂಟು. ಮೊದಲೇ ಹೀಗೆ ಮಾಡಕೂಡದು.

ಮೊದಲು ದೀಪಗಳನ್ನು ಪರೀಕ್ಷಿಸತಕ್ಕದ್ದು. ಫೈಬರ್ ಮೋಡೆಮಿನಲ್ಲಿ ‘ಎಲ್.ಓ.ಎಸ್.’ ಎಂಬ ದೀಪವು ಕೆಂಪಗೆ ಉರಿಯುತ್ತಿದ್ದರೆ, ಹೊರಗಿನ ಎಳೆಯಿಂದ ಸಂಕೇತವು ಬರುತ್ತಿಲ್ಲವೆಂದು ತಿಳಿಯಬೇಕು. ಎಳೆಯು ತುಂಡಾಗಿದ್ದರೆ ರೀಸೆಟ್ ಮಾಡಿ ಫಲವಿಲ್ಲ. ಸಂಪರ್ಕ ಕೊಟ್ಟವರಿಗೆ ತಿಳಿಸತಕ್ಕದ್ದು.

ಕೆಂಪು ದೀಪವಿಲ್ಲದಿದ್ದಲ್ಲಿ, ವಿದ್ಯುತ್ತನ್ನು ಆರಿಸಿ, ಒಂದು ನಿಮಿಷ ಬಿಟ್ಟು ಪುನಃ ಹಾಕಿ, 5 ನಿಮಿಷ ಕಾಯಬೇಕು. ಅನೇಕ ವೇಳೆ ಇಷ್ಟರಿಂದಲೇ ಸಂಪರ್ಕವು ಮರಳುವುದು.

ಮರಳದಿದ್ದರೆ ಮಾತ್ರ ರೀಸೆಟ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿಯಬಹುದು. ಆದರೆ ಇದರಿಂದ ವೈಫೈ ಹೆಸರು, ಪಾಸ್‌ವರ್ಡ್, ಸಂಪರ್ಕದ ವಿವರ ಎಲ್ಲವೂ ಅಳಿಸಿಹೋಗುವುವು. ಆಮೇಲೆ ಯಂತ್ರದ ಅಡಿಯ ಚೀಟಿಯಲ್ಲಿರುವ ಪಾಸ್‌ವರ್ಡಿನಿಂದ ಒಳಹೊಕ್ಕು, ಅವುಗಳನ್ನು ಮತ್ತೆ ತುಂಬಬೇಕಾಗುವುದು. ಆದಕಾರಣ ಸಂಪರ್ಕ ಕೊಟ್ಟವರಿಂದ ಬಳಕೆದಾರರ ಹೆಸರನ್ನೂ ಪಾಸ್‌ವರ್ಡನ್ನೂ ಮುಂಚಿತವಾಗಿಯೇ ಕೇಳಿ, ಬರೆದು, ಪಹಣಿ ಪತ್ರಗಳೊಡನೆ ಭದ್ರವಾಗಿಡತಕ್ಕದ್ದು. ಗ್ರಾಮದ ಮುಖಂಡರು ಈ ಕ್ರಮವನ್ನು ಇತರ ರೈತರಿಗೂ ತಿಳಿಯಪಡಿಸುವುದು ಮೇಲು.